ತಂತ್ರಾಂಶ ಪರೀಕ್ಷೆಯ ಪ್ರಗತಿಯನ್ನು ಅಳೆಯುವ ಬಗೆ: ರೇಖಾಚಿತ್ರ ಹಾಗೂ ಪ್ರಗತಿ ಫಲಕಗಳ ಉಪಯೋಗ

ಪೀಠಿಕೆ

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೆಯ ಸಭೆಯು ತೆರಿಗೆಯ ದರಗಳನ್ನು ಪುನಾರಚಿಸುವ ತೀರ್ಮಾನ ಕೈಗೊಂಡಿತು. ಅದೇ ತಿಂಗಳ 22ರಿಂದ ಹೊಸ ದರಗಳು ಜಾರಿಗೆ ಬಂದವು. ಶೇ. 12 ಹಾಗೂ ಶೇ. 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇ. 5ಕ್ಕೆ ಅಥವಾ ಶೇ. 18ಕ್ಕೆ ವರ್ಗಾವಣೆಗೊಂಡವು. ತುಪ್ಪ ಶೇ. 12ರಿಂದ 5ಕ್ಕೆ, ಟೂತ್‌ಪೇಸ್ಟ್ ಹಾಗೂ ತಲೆಗೆ ಹಚ್ಚುವ ಎಣ್ಣೆ ಶೇ. 18ರಿಂದ 5ಕ್ಕೆ, ಸಿಮೆಂಟು ಶೇ. 28ರಿಂದ 18ಕ್ಕೆ ಇಳಿದವು. ಭಟ್ಕಳದ ಜವಳಿ ಅಂಗಡಿಯಿಂದ ಹಿಡಿದು ಕುಮಟಾದ ಕಿರಾಣಿ ಸಗಟು ವ್ಯಾಪಾರಿಯವರೆಗೆ ಪ್ರತಿಯೊಬ್ಬ ವರ್ತಕರೂ ತಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿನ ಸರಕುಗಳ ಪಟ್ಟಿಯನ್ನು ಮೂರು ವಾರಗಳೊಳಗೆ ತಿದ್ದಬೇಕಾಯಿತು. ತಿದ್ದಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಕೆಲಸವೂ ಅದೇ ಅವಧಿಯೊಳಗೆ ಆಗಬೇಕಾಗಿತ್ತು.

ಇಂತಹ ಸಂದರ್ಭದಲ್ಲಿ ಮಾಲೀಕರು ಕೇಳುವ ಪ್ರಶ್ನೆ ಒಂದೇ: "ತಂತ್ರಾಂಶ ಸಿದ್ಧವಾಗಿದೆಯೇ?" ಸಾಮಾನ್ಯವಾಗಿ ದೊರೆಯುವ ಉತ್ತರವೂ ಒಂದೇ: "ಶೇಕಡಾ ತೊಂಬತ್ತರಷ್ಟು ಮುಗಿದಿದೆ." ಯಾವುದರ ತೊಂಬತ್ತು ಭಾಗ, ಉಳಿದ ಹತ್ತು ಭಾಗದಲ್ಲಿ ಏನಿದೆ ಎಂಬುದನ್ನು ಈ ಉತ್ತರವು ತಿಳಿಸುವುದಿಲ್ಲ. ಪರೀಕ್ಷೆಯ ಪ್ರಗತಿಯನ್ನು ಅಂಕಿಗಳಲ್ಲಿ ದಾಖಲಿಸಿ, ಚಿತ್ರದಲ್ಲಿ ಮೂಡಿಸಿ, ಅದನ್ನು ಸರಿಯಾಗಿ ಓದುವ ಕ್ರಮವನ್ನು ವರ್ತಕ ಬಾಂಧವರಿಗೆ ಪರಿಚಯಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಪರೀಕ್ಷೆ ವರ್ತಕನ ಹೊಣೆ ಏಕೆ?

ತಂತ್ರಾಂಶವನ್ನು ರಚಿಸಿದ ಸಂಸ್ಥೆಯು ಅದನ್ನು ಪರೀಕ್ಷಿಸಿಯೇ ಮಾರಾಟ ಮಾಡಿರುತ್ತದೆ, ನಾವು ಮತ್ತೆ ಪರೀಕ್ಷಿಸುವುದೇಕೆ ಎಂಬ ಪ್ರಶ್ನೆ ಸಹಜವಾದುದು. ಆದರೆ ಬಿಲ್ಲಿನಲ್ಲಿ ತಪ್ಪು ಉಂಟಾದರೆ ಕಾನೂನು ತಂತ್ರಾಂಶವನ್ನು ಕೇಳುವುದಿಲ್ಲ, ನೋಂದಾಯಿತ ವರ್ತಕನನ್ನು ಕೇಳುತ್ತದೆ. ತೆರಿಗೆ ಕಡಿಮೆ ವಸೂಲಾಗಿದ್ದರೆ ವ್ಯತ್ಯಾಸವನ್ನು ಬಡ್ಡಿ ಸಹಿತ ಸ್ವಂತ ಜೇಬಿನಿಂದ ತುಂಬಬೇಕು. ಹೆಚ್ಚು ವಸೂಲಾಗಿದ್ದರೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಜಿಎಸ್‌ಟಿ ಕಾಯಿದೆಯ 76ನೆಯ ಕಲಮಿನ ಪ್ರಕಾರ ಸರಕಾರಕ್ಕೆ ಪಾವತಿಸಬೇಕು. ಸರಿಯಾದ ಇ-ವೇ ಬಿಲ್ ಇಲ್ಲದೆ ಲಾರಿ ಹೊರಟು ದಾರಿಯಲ್ಲಿ ತಡೆಹಿಡಿಯಲ್ಪಟ್ಟರೆ, 129ನೆಯ ಕಲಮಿನ ಅನ್ವಯ ತೆರಿಗೆಗೆ ಒಳಪಡುವ ಸರಕಿನ ಮಾಲೀಕರು ಸರಕನ್ನು ಬಿಡಿಸಿಕೊಳ್ಳಲು ತೆರಿಗೆಯ ಎರಡರಷ್ಟು ದಂಡ ತೆರಬೇಕಾಗುತ್ತದೆ.

ಇದಲ್ಲದೆ, ತಂತ್ರಾಂಶ ಸಂಸ್ಥೆಯು ಪರೀಕ್ಷಿಸಿರುವುದು ಎಲ್ಲರಿಗೂ ಸಾಮಾನ್ಯವಾದ ವ್ಯವಹಾರಗಳನ್ನು. ಗೇರು ಕಾರ್ಖಾನೆಯೊಂದು ಕೃಷಿಕರಿಂದ ನೇರವಾಗಿ ಗೇರುಬೀಜ ಖರೀದಿಸಿದಾಗ ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಖರೀದಿದಾರನೇ ಪಾವತಿಸಬೇಕು ಎಂಬಂತಹ ಸಂಗತಿಗಳು ನಮ್ಮ ಭಾಗದ ವ್ಯವಹಾರಕ್ಕೆ ವಿಶಿಷ್ಟವಾದವು. ಅವುಗಳನ್ನು ಬಲ್ಲವರು ನಾವು, ಆದುದರಿಂದ ಪರೀಕ್ಷಿಸಬೇಕಾದವರೂ ನಾವೇ.

2. ಇ-ವೇ ಬಿಲ್ ಕಲಿಸಿದ ಪಾಠ

ರಾಷ್ಟ್ರಮಟ್ಟದ ವ್ಯವಸ್ಥೆಗಳಿಗೂ ಈ ಸಮಸ್ಯೆ ತಪ್ಪಿದ್ದಲ್ಲ. ನಮ್ಮ ರಾಜ್ಯದಲ್ಲಿ ವ್ಯಾಟ್ ಕಾಲದಲ್ಲಿಯೇ ಇ-ಸುಗಮ ಎಂಬ ವ್ಯವಸ್ಥೆ ರೂಢಿಯಲ್ಲಿತ್ತು. ಆ ಅನುಭವದ ಬಲದಿಂದ 2017ರ ಸೆಪ್ಟೆಂಬರ್‌ನಲ್ಲಿ ಇ-ವೇ ಬಿಲ್ ಪದ್ಧತಿಯನ್ನು ದೇಶದಲ್ಲಿ ಮೊದಲಿಗೆ ಅಳವಡಿಸಿಕೊಂಡ ರಾಜ್ಯ ಕರ್ನಾಟಕ. ದೇಶವ್ಯಾಪಿ ಪ್ರಾಯೋಗಿಕ ಬಳಕೆ 2018ರ ಜನವರಿ ಮಧ್ಯಭಾಗದಲ್ಲಿ ಆರಂಭಗೊಂಡು, ಫೆಬ್ರವರಿ 1ರಂದು ಕಡ್ಡಾಯ ಜಾರಿ ನಿಗದಿಯಾಗಿತ್ತು. ಅಂದು ದೇಶದ ವರ್ತಕರೂ ಸಾಗಣೆದಾರರೂ ಏಕಕಾಲಕ್ಕೆ ತಾಣವನ್ನು ತೆರೆದಾಗ ವ್ಯವಸ್ಥೆ ಕುಸಿಯಿತು. ಅದೇ ದಿನ ಸರಕಾರವು ಪ್ರಾಯೋಗಿಕ ಅವಧಿಯನ್ನು ವಿಸ್ತರಿಸಿತು.

ಮುಂದಿನ ಎರಡು ತಿಂಗಳಲ್ಲಿ ವ್ಯವಸ್ಥೆಯನ್ನು ದಿನವೊಂದಕ್ಕೆ 75 ಲಕ್ಷ ಬಿಲ್ಲುಗಳ ಹೊರೆ ತಡೆಯುವಂತೆ ಬಲಪಡಿಸಲಾಯಿತು. ಎರಡನೆಯ ಬಾರಿ ಎಲ್ಲವನ್ನೂ ಒಂದೇ ದಿನ ಆರಂಭಿಸಲಿಲ್ಲ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಮಾತ್ರ ಜಾರಿಗೊಳಿಸಿ, ರಾಜ್ಯದೊಳಗಿನ ಸಾಗಣೆಯನ್ನು ಕರ್ನಾಟಕದಲ್ಲಷ್ಟೇ ಸೇರಿಸಲಾಯಿತು. ಏಪ್ರಿಲ್ 15ರಿಂದ ಇನ್ನೂ ಐದು ರಾಜ್ಯಗಳು ಸೇರಿದವು. ಜೂನ್ ಮಧ್ಯದ ಹೊತ್ತಿಗೆ ದೇಶವೆಲ್ಲವೂ ಒಳಗೊಂಡಿತು.

ಪ್ರಾಯೋಗಿಕ ಅವಧಿಯಲ್ಲಿ ಬಿಲ್ಲುಗಳು ಸರಿಯಾಗಿಯೇ ಹೊರಬರುತ್ತಿದ್ದವು. ಪರೀಕ್ಷೆಗೆ ಒಳಗಾಗದೆ ಉಳಿದಿದ್ದುದು ಕಡ್ಡಾಯದ ದಿನದ ಹೊರೆ. "ಇಷ್ಟು ಯಶಸ್ವಿಯಾಗಿದೆ" ಎಂಬ ಅಂಕಿಯ ಪಕ್ಕದಲ್ಲಿ "ಇದು ಇನ್ನೂ ಪರೀಕ್ಷೆಯಾಗಿಲ್ಲ" ಎಂಬ ಅಂಕಣ ಇರಲೇಬೇಕೆಂಬುದು ಇದರಿಂದ ಗ್ರಹಿಸಬೇಕಾದ ಮೊದಲ ಪಾಠ.

3. ಪರೀಕ್ಷೆಗಳ ಪಟ್ಟಿ

ಅಳೆಯುವ ಮೊದಲು ಅಳೆಯಬೇಕಾದುದು ಕಾಗದದ ಮೇಲೆ ಇರಬೇಕು. ಪ್ರತಿ ಪರೀಕ್ಷೆಗೂ ಕ್ರಮಸಂಖ್ಯೆ, ಕೊಡುವ ಮಾಹಿತಿ, ಬರಬೇಕಾದ ಉತ್ತರ ಎಂಬ ಮೂರು ಅಂಕಣಗಳು ಸಾಕು. ಬರಬೇಕಾದ ಉತ್ತರವನ್ನು ತಂತ್ರಾಂಶ ನಡೆಸುವ ಮೊದಲೇ ಕೈಯಿಂದ ಲೆಕ್ಕಹಾಕಿ ಬರೆದಿಡುವುದು ಅವಶ್ಯ. ಕೆಲವು ಮಾದರಿಗಳು ಹೀಗಿವೆ:

ಅ) ಸಿದ್ಧ ಉಡುಪಿಗೆ ಒಂದರ ಮಾರಾಟ ಮೌಲ್ಯ ರೂ. 2,500ರವರೆಗೆ ಶೇ. 5, ಅದನ್ನು ಮೀರಿದರೆ ಶೇ. 18 ತೆರಿಗೆ. ಆದುದರಿಂದ ರೂ. 2,500 ಹಾಗೂ ರೂ. 2,501ರ ಎರಡು ಬಿಲ್ಲುಗಳನ್ನು ಮಾಡಿ ನೋಡಬೇಕು. ತಪ್ಪುಗಳು ಹೆಚ್ಚಾಗಿ ಗಡಿಯಲ್ಲಿಯೇ ಅಡಗಿರುತ್ತವೆ.

ಆ) ರೂ. 2,600ರ ಅಂಗಿಗೆ ಬಿಲ್ಲಿನಲ್ಲಿಯೇ ಶೇ. 5 ರಿಯಾಯಿತಿ ಕೊಟ್ಟರೆ ಮೌಲ್ಯ ರೂ. 2,470. ತೆರಿಗೆ ರೂ. 123.50 ಬರಬೇಕು. ತಂತ್ರಾಂಶವು ರಿಯಾಯಿತಿಗೆ ಮುಂಚಿನ ಬೆಲೆಯನ್ನು ನೋಡಿ ದರ ನಿರ್ಧರಿಸಿದರೆ ತೆರಿಗೆ ರೂ. 444.60 ಆಗುತ್ತದೆ.

ಇ) ರೂ. 48,000ದ ಸರಕಿಗೆ ಶೇ. 5 ತೆರಿಗೆ ಸೇರಿದರೆ ರೂ. 50,400. ಇ-ವೇ ಬಿಲ್ಲಿನ ರೂ. 50,000ದ ಮಿತಿಯನ್ನು ತೆರಿಗೆ ಸೇರಿಸಿ ಲೆಕ್ಕಹಾಕಬೇಕಾದುದರಿಂದ ತಂತ್ರಾಂಶವು ಇಲ್ಲಿ ಎಚ್ಚರಿಸಬೇಕು.

ಈ) ಮಂಗಳೂರಿನ ಗ್ರಾಹಕನಿಗೆ ಕಳುಹಿಸುವ ಸರಕಿಗೆ ಸಿಜಿಎಸ್‌ಟಿ ಹಾಗೂ ಎಸ್‌ಜಿಎಸ್‌ಟಿ, ಮಡಗಾಂವಿನ ಗ್ರಾಹಕನಿಗೆ ಕಳುಹಿಸುವ ಸರಕಿಗೆ ಐಜಿಎಸ್‌ಟಿ ಬರಬೇಕು.

ಉ) 2025ರ ಸೆಪ್ಟೆಂಬರ್ 20ರಂದು ಶೇ. 12ರಲ್ಲಿ ಮಾರಿದ ಸರಕು ಅಕ್ಟೋಬರ್‌ನಲ್ಲಿ ಹಿಂದಿರುಗಿದರೆ ಕ್ರೆಡಿಟ್ ನೋಟು ಹಳೆಯ ದರದಲ್ಲಿಯೇ ಆಗಬೇಕು.

ಊ) ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು. ಏಪ್ರಿಲ್ 1ರಂದು ಹೊಸ ಸರಣಿ ತಾನಾಗಿ ಆರಂಭವಾಗಬೇಕು.

ಪ್ರತಿಯೊಂದು ಪರೀಕ್ಷೆಯ ಎದುರು "ಗಂಭೀರ" ಅಥವಾ "ಸಾಮಾನ್ಯ" ಎಂದು ಗುರುತಿಸಬೇಕು. ತೆರಿಗೆ, ಬಾಕಿ, ದಾಸ್ತಾನುಗಳನ್ನು ತಪ್ಪಾಗಿಸುವಂತಹದು ಗಂಭೀರ. ಮುದ್ರಣದಲ್ಲಿ ವಿಳಾಸದ ಸಾಲು ತುಂಡಾಗುವುದು ಸಾಮಾನ್ಯ.

4. ನಾಲ್ಕು ಅಂಕಿಗಳು, ನಾಲ್ಕು ರೇಖೆಗಳು

ಕುಮಟಾದಲ್ಲಿ ಒಂದು ಗೇರು ಕಾರ್ಖಾನೆ ಇದೆಯೆಂದೂ, ಅದು ಏಪ್ರಿಲ್ 1ರಿಂದ ಹೊಸ ಲೆಕ್ಕಪತ್ರ ತಂತ್ರಾಂಶಕ್ಕೆ ಬದಲಾಗಲು ನಿರ್ಧರಿಸಿದೆಯೆಂದೂ ಕಲ್ಪಿಸಿಕೊಳ್ಳೋಣ. ಒಟ್ಟು 240 ಪರೀಕ್ಷೆಗಳು, ಆರು ವಾರಗಳ ಅವಧಿ. ಪ್ರತಿ ಶನಿವಾರ ಸಂಜೆ ಅಂದಿನವರೆಗಿನ ಒಟ್ಟು ಅಂಕಿಗಳನ್ನು ಕೆಳಗಿನಂತೆ ಬರೆಯಲಾಗಿದೆ. ಅಂಕಿಗಳು ವಿವರಣೆಗಾಗಿ ಮಾತ್ರ.

| ವಾರ | ಯೋಜಿತ | ನಡೆಸಿದ್ದು | ಉತ್ತೀರ್ಣ | ಕಂಡ ದೋಷ | ಸರಿಪಡಿಸಿದ ದೋಷ | ಉಳಿದ ದೋಷ |
|---|---|---|---|---|---|---|
| 1 | 40 | 30 | 18 | 12 | 2 | 10 |
| 2 | 80 | 75 | 52 | 26 | 9 | 17 |
| 3 | 120 | 120 | 88 | 38 | 17 | 21 |
| 4 | 160 | 165 | 130 | 46 | 24 | 22 |
| 5 | 200 | 210 | 178 | 51 | 33 | 18 |
| 6 | 240 | 238 | 212 | 53 | 41 | 12 |

ಗ್ರಾಫ್ ಕಾಗದದ ಅಡ್ಡಗೆರೆಯಲ್ಲಿ ವಾರಗಳನ್ನೂ ಲಂಬಗೆರೆಯಲ್ಲಿ ಸಂಖ್ಯೆಗಳನ್ನೂ ಗುರುತಿಸಿ, ಯೋಜಿತ, ನಡೆಸಿದ್ದು, ಉತ್ತೀರ್ಣ, ಉಳಿದ ದೋಷ ಎಂಬ ನಾಲ್ಕು ರೇಖೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆಯಬೇಕು. ಎಕ್ಸೆಲ್ ಬಲ್ಲವರು ಇದನ್ನು ಐದು ನಿಮಿಷದಲ್ಲಿ ಮಾಡಬಹುದು.

5. ರೇಖೆಗಳನ್ನು ಓದುವುದು ಹೇಗೆ?

ಮೊದಲನೆಯದಾಗಿ, ನಾಲ್ಕನೆಯ ವಾರವನ್ನು ಗಮನಿಸಬೇಕು. ಯೋಜಿಸಿದ್ದು 160, ನಡೆಸಿದ್ದು 165. ಕೆಲಸ ವೇಳೆಗಿಂತ ಮುಂದಿದೆ ಎಂಬ ವರದಿ ಮಾಲೀಕರ ಮೇಜಿಗೆ ಬರುವುದು ಇಂತಹ ವಾರದಲ್ಲಿಯೇ. ಆದರೆ ಉಳಿದ ದೋಷಗಳ ರೇಖೆ ಮೊದಲ ವಾರದ 10ರಿಂದ 22ಕ್ಕೆ ಏರಿದೆ. ದೋಷಗಳನ್ನು ಕಾಣುವ ವೇಗಕ್ಕೆ ಸರಿಪಡಿಸುವ ವೇಗ ಸಾಟಿಯಾಗಿಲ್ಲ. ಪರೀಕ್ಷೆ ನಡೆಸುವವರನ್ನು ಅವಸರಪಡಿಸುವುದರ ಬದಲು ತಂತ್ರಾಂಶ ಒದಗಿಸಿದವರನ್ನು ಕರೆಸಿ ಮಾತನಾಡಬೇಕಾದ ವಾರ ಇದು.

ಎರಡನೆಯದಾಗಿ, ಪ್ರತಿ ವಾರ ಹೊಸದಾಗಿ ಕಂಡ ದೋಷಗಳನ್ನು ಲೆಕ್ಕಿಸಿದರೆ ಕ್ರಮವಾಗಿ 12, 14, 12, 8, 5, 2 ಎಂದಾಗುತ್ತದೆ. ನಡೆಸಿದ ಪರೀಕ್ಷೆಗಳು ಒಂದೇ ವೇಗದಲ್ಲಿ ಹೆಚ್ಚುತ್ತಿದ್ದು ಹೊಸ ದೋಷಗಳು ಕಡಿಮೆಯಾಗುತ್ತಿದ್ದರೆ ಅದು ಶುಭ ಲಕ್ಷಣ. ಆದರೆ ಹಬ್ಬದ ವಾರದಲ್ಲಿ ಗುಮಾಸ್ತರು ರಜೆಯಲ್ಲಿದ್ದು ಪರೀಕ್ಷೆಯೇ ನಡೆಯದಿದ್ದಾಗಲೂ ಹೊಸ ದೋಷಗಳು ಸೊನ್ನೆಯಾಗುತ್ತವೆ. ಆದುದರಿಂದ ದೋಷಗಳ ರೇಖೆಯನ್ನು ನಡೆಸಿದ ಪರೀಕ್ಷೆಗಳ ರೇಖೆಯೊಡನೆ ಇಟ್ಟು ನೋಡದೆ ಎಂದಿಗೂ ಓದಬಾರದು.

ಮೂರನೆಯದಾಗಿ, ಆರನೆಯ ವಾರದ ಕೊನೆಯಲ್ಲಿ 240ರಲ್ಲಿ 238 ಪರೀಕ್ಷೆಗಳು ನಡೆದಿವೆ, ಅಂದರೆ ಶೇ. 99. ಉಳಿದಿರುವ ಎರಡು ಯಾವುವು ಎಂದು ಕೇಳಬೇಕು. ಒಂದು, ಇ-ಇನ್‌ವಾಯ್ಸ್ ಜೋಡಣೆ; ಇನ್ನೊಂದು, ಮಾರ್ಚ್ 31ರ ದಾಸ್ತಾನನ್ನು ಹೊಸ ವರ್ಷಕ್ಕೆ ಒಯ್ಯುವುದು ಎಂದಿಟ್ಟುಕೊಳ್ಳೋಣ. ಸುಲಭವಾದುದನ್ನು ಮೊದಲು ಮುಗಿಸಿ ಕಷ್ಟವಾದುದನ್ನು ಕೊನೆಗೆ ತಳ್ಳುವುದು ಮನುಷ್ಯ ಸ್ವಭಾವ. ಐದು ಕೋಟಿ ರೂಪಾಯಿಗೂ ಮೀರಿದ ವಾರ್ಷಿಕ ವಹಿವಾಟಿನ ಘಟಕಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಆ ಜೋಡಣೆ ಕೆಲಸ ಮಾಡದಿದ್ದರೆ ಏಪ್ರಿಲ್ 1ರಂದು ನೋಂದಾಯಿತ ಖರೀದಿದಾರರಿಗೆ ಒಂದು ಬಿಲ್ಲನ್ನೂ ಕ್ರಮಬದ್ಧವಾಗಿ ನೀಡಲಾಗದು. ಶೇ. 1 ಎಂದು ಕಂಡದ್ದು ಇಡೀ ವ್ಯಾಪಾರವನ್ನೇ ನಿಲ್ಲಿಸಬಲ್ಲದು. ಇ-ಇನ್‌ವಾಯ್ಸ್ ಜೋಡಣೆಯನ್ನು ಪರೀಕ್ಷಿಸಲೆಂದೇ ಎನ್‌ಐಸಿಯ ಪ್ರತ್ಯೇಕ ಪ್ರಾಯೋಗಿಕ ತಾಣವಿದೆ. ತಂತ್ರಾಂಶ ಒದಗಿಸಿದವರ ಮೂಲಕ ಮೊದಲ ವಾರಗಳಲ್ಲಿಯೇ ಅದನ್ನು ಬಳಸಿಕೊಳ್ಳುವುದು ಜಾಣತನ.

ನಾಲ್ಕನೆಯದಾಗಿ, ಉಳಿದ 12 ದೋಷಗಳಲ್ಲಿ ಗಂಭೀರವಾದವು ಎಷ್ಟು? ಹತ್ತು ಮುದ್ರಣ ದೋಷಗಳಿಗಿಂತ ರಿವರ್ಸ್ ಚಾರ್ಜ್ ತೆರಿಗೆಯು ಖಾತೆಗೆ ಸೇರದಿರುವ ಒಂದು ದೋಷ ಹೆಚ್ಚು ಅಪಾಯಕಾರಿ. ಆದುದರಿಂದ ಉಳಿದ ದೋಷಗಳನ್ನು ಗಂಭೀರ, ಸಾಮಾನ್ಯ ಎಂದು ಎರಡು ಬಣ್ಣಗಳಲ್ಲಿ ತೋರಿಸುವುದು ಲೇಸು.

6. ತಾಳೆಪಟ್ಟಿ ನೀಡುವ ಎಚ್ಚರಿಕೆ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಕಲಿಯುವ ಒಂದು ಪಾಠ ಇಲ್ಲಿ ಪ್ರಸ್ತುತವಾಗಿದೆ. ತಾಳೆಪಟ್ಟಿಯ, ಅಂದರೆ ಟ್ರಯಲ್ ಬ್ಯಾಲೆನ್ಸಿನ, ಖರ್ಚು-ಜಮೆ ಎರಡೂ ಬದಿಗಳು ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ಅರ್ಥವಲ್ಲ. ಬರೆಯದೇ ಬಿಟ್ಟ ವ್ಯವಹಾರ, ತಪ್ಪು ಖಾತೆಗೆ ಹೋದ ಮೊತ್ತ, ಪರಸ್ಪರ ಸರಿದೂಗುವ ತಪ್ಪುಗಳು ತಾಳೆಪಟ್ಟಿಯಲ್ಲಿ ಕಾಣುವುದಿಲ್ಲ. ಪರೀಕ್ಷಾ ಪ್ರಗತಿಯ ಫಲಕವೂ ಹಾಗೆಯೇ. ಪಟ್ಟಿಯಲ್ಲಿ ಬರೆದ 240 ಪರೀಕ್ಷೆಗಳೂ ಉತ್ತೀರ್ಣವಾದರೂ, ಪಟ್ಟಿಗೆ ಸೇರದೇ ಹೋದ 241ನೆಯ ವ್ಯವಹಾರದ ಬಗ್ಗೆ ಫಲಕವು ಏನನ್ನೂ ಹೇಳಲಾರದು. ಪರೀಕ್ಷೆಯು ದೋಷ ಇರುವುದನ್ನು ತೋರಿಸಬಲ್ಲದೇ ಹೊರತು ಇಲ್ಲದಿರುವುದನ್ನು ಸಾಧಿಸಲಾರದೆಂದು ಗಣಕವಿಜ್ಞಾನಿ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಎಚ್ಚರಿಸಿದ್ದರು.

ಇದಕ್ಕೆ ಲೆಕ್ಕಿಗರ ಬಳಿ ಇರುವ ಹಳೆಯ ಉಪಾಯವೆಂದರೆ ಜೋಡಿ ಲೆಕ್ಕ. ಒಂದು ತಿಂಗಳ ಕಾಲ ಹಳೆಯ ಹಾಗೂ ಹೊಸ ತಂತ್ರಾಂಶಗಳೆರಡರಲ್ಲಿಯೂ ಅದೇ ವ್ಯವಹಾರಗಳನ್ನು ದಾಖಲಿಸಿ, ಪ್ರತಿ ಸಂಜೆ ಮಾರಾಟದ ಮೊತ್ತ, ತೆರಿಗೆ, ನಗದು ಶಿಲ್ಕು, ದಾಸ್ತಾನು ಇವುಗಳನ್ನು ಹೋಲಿಸಬೇಕು. ವ್ಯತ್ಯಾಸ ಕಂಡ ಬಾಬುಗಳ ಸಂಖ್ಯೆಯನ್ನು ದಿನವಾರು ಕಂಬಚಿತ್ರದಲ್ಲಿ ತೋರಿಸಿದರೆ, ಕಂಬಗಳು ಸೊನ್ನೆಯತ್ತ ಇಳಿಯುತ್ತಿವೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಪಟ್ಟಿಯಲ್ಲಿ ನಾವು ಊಹಿಸದಿದ್ದ ವ್ಯವಹಾರಗಳು ನಿಜವಾದ ದಿನಚರಿಯಲ್ಲಿ ತಾವಾಗಿ ಬಂದು ಪರೀಕ್ಷೆಗೆ ಒಳಗಾಗುತ್ತವೆ. ಗ್ರಾಹಕರಿಗೆ ನೀಡುವ ಬಿಲ್ಲು ಮಾತ್ರ ಹಳೆಯ ತಂತ್ರಾಂಶದ್ದೊಂದೇ ಆಗಿರಬೇಕು.

7. ಚಿಕ್ಕ ಅಂಗಡಿಗೆ ಕಪ್ಪುಹಲಗೆಯೇ ಸಾಕು

240 ಪರೀಕ್ಷೆಗಳ ಲೆಕ್ಕವಿಡಲು ಹೊನ್ನಾವರದ ಒಂದು ಹಾರ್ಡ್‌ವೇರ್ ಅಂಗಡಿಗಾಗಲಿ ಭಟ್ಕಳದ ಪಾದರಕ್ಷೆಯ ಅಂಗಡಿಗಾಗಲಿ ಸಿಬ್ಬಂದಿ ಇರಲಾರರು. ಇಂತಹವರಿಗೆ ಅಮೆರಿಕದ ಪರೀಕ್ಷಾ ತಜ್ಞ ಜೇಮ್ಸ್ ಬಾಕ್ 1999ರಲ್ಲಿ ವಿವರಿಸಿದ ಸರಳ ಫಲಕವು ಉಪಯುಕ್ತವಾಗಿದೆ. ಇದಕ್ಕೆ ಗಣಕಯಂತ್ರವೂ ಬೇಡ. ಗೋಡೆಯ ಮೇಲಿನ ಒಂದು ಹಲಗೆ ಸಾಕು. ಅದರಲ್ಲಿ ವಿಭಾಗ, ಈಗ ನಡೆಯುತ್ತಿರುವ ಕೆಲಸದ ಪ್ರಮಾಣ, ಪರೀಕ್ಷೆಯ ಆಳ, ಗುಣಮಟ್ಟ, ಷರಾ ಎಂಬ ಐದು ಅಂಕಣಗಳಿರುತ್ತವೆ.

ಪರೀಕ್ಷೆಯ ಆಳವನ್ನು 0ಯಿಂದ 3ರವರೆಗೆ ಗುರುತಿಸಲಾಗುತ್ತದೆ. ಏನೂ ತಿಳಿಯದಿದ್ದರೆ 0. ಸರಳ ಮಾಹಿತಿಯಿಂದ ಮೇಲುಮೇಲಿನ ಪರಿಶೀಲನೆ ಆಗಿದ್ದರೆ 1. ದಿನನಿತ್ಯದ ಹಾಗೂ ಮುಖ್ಯವಾದ ವ್ಯವಹಾರಗಳೆಲ್ಲ ಪರೀಕ್ಷೆಯಾಗಿದ್ದರೆ 2. ಅಪರೂಪದ, ಗಡಿಯಂಚಿನ, ಒತ್ತಡದ ಸಂದರ್ಭಗಳೂ ಆಗಿದ್ದರೆ 3. ಗುಣಮಟ್ಟವನ್ನು ಹಸಿರು, ಹಳದಿ, ಕೆಂಪು ಬಣ್ಣಗಳಿಂದ ಸೂಚಿಸಲಾಗುತ್ತದೆ. ಮಾದರಿಗಾಗಿ:

| ವಿಭಾಗ | ಕೆಲಸ | ಆಳ | ಗುಣಮಟ್ಟ | ಷರಾ |
|---|---|---|---|---|
| ನಗದು ಬಿಲ್ಲು | ಮುಗಿದಿದೆ | 2 | ಹಸಿರು | – |
| ಉದ್ರಿ ಬಿಲ್ಲು, ಹಳೆಯ ಬಾಕಿ | ಹೆಚ್ಚು | 1 | ಕೆಂಪು | ಕೆಲವು ಗಿರಾಕಿಗಳ ಬಾಕಿ ತಾಳೆಯಾಗಿಲ್ಲ |
| ಖರೀದಿ, ದಾಸ್ತಾನು | ಕಡಿಮೆ | 1 | ಹಳದಿ | ಬಿಡಿ ತೂಕದ ಮೊಳೆಯಲ್ಲಿ ಗ್ರಾಂ ವ್ಯತ್ಯಾಸ |
| ಜಿಎಸ್‌ಟಿ ರಿಟರ್ನ್ | ಇಲ್ಲ | 0 | ಹಸಿರು | – |

ಕೊನೆಯ ಸಾಲನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಗುಣಮಟ್ಟ ಹಸಿರು, ಆದರೆ ಆಳ 0. ಪರೀಕ್ಷಿಸದೇ ಇದ್ದುದರಿಂದಲೇ ದೋಷ ಕಂಡಿಲ್ಲ. ಬಣ್ಣವನ್ನಷ್ಟೇ ನೋಡುವ ಮಾಲೀಕರಿಗೆ ಎಲ್ಲಕ್ಕಿಂತ ಅಪಾಯಕಾರಿಯಾದ ವಿಭಾಗವೇ ಎಲ್ಲಕ್ಕಿಂತ ಸುರಕ್ಷಿತವಾಗಿ ತೋರುತ್ತದೆ. ಆಳದ ಅಂಕಣ ಇಲ್ಲದ ಬಣ್ಣದ ಫಲಕವನ್ನು ಸ್ವೀಕರಿಸಬಾರದೆಂಬುದೇ ಇದರ ತಾತ್ಪರ್ಯ.

8. ಫಲಕವನ್ನು ಬರೆಯುವವರು ಯಾರು?

ತಂತ್ರಾಂಶ ಮಾರಿದವರ ಕೈಯಲ್ಲಿ ಫಲಕವನ್ನು ಬರೆಸುವುದು, ನಗದು ಗುಮಾಸ್ತನಿಂದಲೇ ನಗದು ಪರಿಶೀಲನೆ ಮಾಡಿಸಿದಂತೆ. ಸಂಸ್ಥೆಯ ಸ್ವಂತ ಲೆಕ್ಕಿಗರು ಬರೆಯಬೇಕು, ಉತ್ತೀರ್ಣವೆಂದು ಬರೆದ ಪ್ರತಿಯೊಂದಕ್ಕೂ ಮುದ್ರಿತ ಬಿಲ್ಲು ಅಥವಾ ವರದಿಯನ್ನು ಕಡತದಲ್ಲಿಡಬೇಕು. ಲೆಕ್ಕಪರಿಶೋಧನೆಯಲ್ಲಿ ಆಯ್ದ ವೋಚರುಗಳನ್ನು ಪರಿಶೀಲಿಸುವಂತೆ, ಮಾಲೀಕರು ವಾರಕ್ಕೊಮ್ಮೆ ಉತ್ತೀರ್ಣ ಪರೀಕ್ಷೆಗಳಲ್ಲಿ ಹತ್ತನ್ನು ತಾವೇ ಆರಿಸಿ ಮತ್ತೆ ನಡೆಸಿ ನೋಡಬೇಕು. ಹತ್ತರಲ್ಲಿ ಎರಡು ವಿಫಲವಾದರೂ ಫಲಕದ ಇತರ ಅಂಕಿಗಳನ್ನು ನಂಬುವಂತಿಲ್ಲ. ಒಂದು ದೋಷವನ್ನು ತಿದ್ದುವಾಗ ಮತ್ತೊಂದು ಕೆಡುವುದು ತಂತ್ರಾಂಶದಲ್ಲಿ ಸಾಮಾನ್ಯವಾದುದರಿಂದ ಈ ಮರುಪರೀಕ್ಷೆಗೆ ಇನ್ನಷ್ಟು ಮಹತ್ವವಿದೆ.

ಅಂತೆಯೇ, ಮುಚ್ಚಿದ ದೋಷಗಳ ಸಂಖ್ಯೆಗೆ ಬಹುಮಾನ ಕಟ್ಟಬಾರದು. ಹಾಗೆ ಮಾಡಿದರೆ ಸುಲಭವಾದ ದೋಷಗಳು ಬೇಗ ಮುಚ್ಚಲ್ಪಟ್ಟು ಗಂಭೀರವಾದವು ಹಾಗೆಯೇ ಉಳಿಯುತ್ತವೆ.

9. ಆರಂಭದ ಷರತ್ತುಗಳು

ಹೊಸ ತಂತ್ರಾಂಶವನ್ನು ಯಾವಾಗ ಆರಂಭಿಸಬೇಕು ಎಂಬ ಷರತ್ತುಗಳನ್ನು ಪರೀಕ್ಷೆಗೆ ಮೊದಲೇ ಲಿಖಿತವಾಗಿ ನಿಗದಿಪಡಿಸಬೇಕು. ದಿನಾಂಕ ಸಮೀಪಿಸಿದಾಗ ಷರತ್ತು ಸಡಿಲಿಸುವ ಒತ್ತಡ ಬಂದೇ ಬರುತ್ತದೆ. ಈ ಕೆಳಗಿನವು ಕನಿಷ್ಠ ಷರತ್ತುಗಳು:

1. ಗಂಭೀರವೆಂದು ಗುರುತಿಸಿದ ಪರೀಕ್ಷೆಗಳೆಲ್ಲವೂ ನಡೆದಿರಬೇಕು.
2. ಗಂಭೀರ ದೋಷ ಒಂದೂ ಉಳಿದಿರಬಾರದು.
3. ಹಳೆಯ ತಂತ್ರಾಂಶದ ಅಂತಿಮ ಶಿಲ್ಕು ಹೊಸದರ ಆರಂಭಿಕ ಶಿಲ್ಕಿನೊಡನೆ ಒಟ್ಟಾರೆಯಾಗಿ ಮಾತ್ರವಲ್ಲದೆ ಗಿರಾಕಿವಾರು ತಾಳೆಯಾಗಬೇಕು.
4. ಜೋಡಿ ಲೆಕ್ಕದಲ್ಲಿ ಸತತ ಆರು ಕೆಲಸದ ದಿನ ವ್ಯತ್ಯಾಸ ಸೊನ್ನೆ ಇರಬೇಕು.
5. ಅವಶ್ಯವಾದರೆ ಹಳೆಯ ವ್ಯವಸ್ಥೆಗೆ ಮರಳುವ ದಾರಿ ತೆರೆದಿರಬೇಕು.

ತಂತ್ರಾಂಶ ಒದಗಿಸುವವರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಕೊನೆಯ ಕಂತಿನ ಹಣವನ್ನು ಈ ಷರತ್ತುಗಳಿಗೆ ಜೋಡಿಸುವುದು ಸೂಕ್ತ. ಮೇಲಿನ ಉದಾಹರಣೆಯ ಗೇರು ಕಾರ್ಖಾನೆಯನ್ನು ಈ ಷರತ್ತುಗಳಿಗೆ ಒಡ್ಡಿದರೆ, ಶೇ. 99 ಮುಗಿದಿದ್ದರೂ ಅದು ಆರಂಭಕ್ಕೆ ಸಿದ್ಧವಾಗಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಏಪ್ರಿಲ್ 1ರ ಬದಲು ಮೇ 1ರಿಂದ ಆರಂಭಿಸಿದರೆ ಒಂದು ತಿಂಗಳ ನಮೂದುಗಳನ್ನು ಮತ್ತೆ ದಾಖಲಿಸುವ ಶ್ರಮ ಬೀಳುತ್ತದೆ. ತಪ್ಪು ಬಿಲ್ಲುಗಳನ್ನು ವರ್ಷವಿಡೀ ತಿದ್ದುವುದಕ್ಕಿಂತ ಅದು ಹಗುರವಾದುದು.

ಉಪಸಂಹಾರ

ತೆರಿಗೆಯ ದರಗಳೂ ನಿಯಮಗಳೂ ಮುಂದೆಯೂ ಬದಲಾಗುತ್ತಲೇ ಇರುತ್ತವೆ. ಪ್ರತಿ ಬದಲಾವಣೆಯೂ ತಂತ್ರಾಂಶದಲ್ಲಿ ತಿದ್ದುಪಡಿಯನ್ನು, ತಿದ್ದುಪಡಿಯು ಪರೀಕ್ಷೆಯನ್ನು ಬೇಡುತ್ತದೆ. ಒಮ್ಮೆ ಸಿದ್ಧಪಡಿಸಿದ ಪರೀಕ್ಷಾ ಪಟ್ಟಿಯನ್ನು ಜೋಪಾನವಾಗಿಟ್ಟರೆ ಮುಂದಿನ ಬಾರಿ ಅದೇ ಪಟ್ಟಿ ಅರ್ಧ ಕೆಲಸವನ್ನು ಉಳಿಸುತ್ತದೆ. "ಎಷ್ಟು ಮುಗಿದಿದೆ" ಎಂದು ಕೇಳುವುದರ ಜೊತೆಗೆ "ಏನು ಪರೀಕ್ಷೆಯಾಗಿಲ್ಲ, ಯಾವ ಗಂಭೀರ ದೋಷ ಉಳಿದಿದೆ" ಎಂದು ಕೇಳುವ ರೂಢಿಯನ್ನು ವರ್ತಕ ಬಾಂಧವರು ಬೆಳೆಸಿಕೊಳ್ಳಬೇಕಾಗಿ ವಿನಂತಿ.

ಅಭ್ಯಾಸ: ಅಂಗಡಿಯೊಂದರಲ್ಲಿ ಒಟ್ಟು 80 ಪರೀಕ್ಷೆಗಳಿವೆ. ಎರಡನೆಯ ವಾರದ ಕೊನೆಗೆ 58 ನಡೆದು 9 ದೋಷಗಳು ಕಂಡಿದ್ದವು. ಮೂರನೆಯ ವಾರದ ಕೊನೆಗೆ 60 ನಡೆದಿದ್ದು, ಕಂಡ ದೋಷಗಳು 9ರಲ್ಲಿಯೇ ನಿಂತಿವೆ. ತಂತ್ರಾಂಶ ಸ್ಥಿರವಾಗಿದೆ ಎನ್ನಬಹುದೇ?

ಉತ್ತರ: ಎನ್ನಲಾಗದು. ಮೂರನೆಯ ವಾರದಲ್ಲಿ ನಡೆದ ಪರೀಕ್ಷೆಗಳು ಎರಡು ಮಾತ್ರ. ಹೊಸ ದೋಷ ಕಾಣದಿರಲು ಪರೀಕ್ಷೆ ನಿಂತುಹೋದುದೇ ಕಾರಣವಿರಬಹುದು. ಉಳಿದ 20 ಪರೀಕ್ಷೆಗಳು ಯಾವುವು, ಏಕೆ ನಿಂತಿವೆ ಎಂಬುದನ್ನು ಮೊದಲು ವಿಚಾರಿಸಬೇಕು.